ಒಣ ಉಪ್ಪಿನ ಮೇಷ್ಟ್ರು

ಶಾಲೆಯ ಪ್ರಯೋಗಾಲಯದ ಕೀಲಿಕೈ ರಸಾಯನಶಾಸ್ತ್ರದ ಮೇಷ್ಟ್ರ ಸೊಂಟ ಬಿಟ್ಟು ಕದಲಿದ್ದೇ ಇಲ್ಲ. ಮಕ್ಕಳು ಒಳಗೆ ಬಂದರೆ ಗಾಜು ಒಡೆಯುತ್ತಾರಂತೆ. ಗಾಜೇನೋ ಉಳಿಯಿತು, ಮಕ್ಕಳ ತಲೆಗೆ ಮಾತ್ರ ಏನೂ ಇಳಿಯಲಿಲ್ಲ. ಮೇಷ್ಟ್ರದ್ದು ಬರೀ ಬಾಯಿಪಾಠ: "ಉಪ್ಪಲ್ಲಿ ಸೋಡಿಯಂ ಎಲೆಕ್ಟ್ರಾನ್ ಕೊಡುತ್ತೆ, ಕ್ಲೋರಿನ್ ತಗೊಳ್ಳುತ್ತೆ. ಅದು ಅಯಾನಿಕ್ ಬಂಧ. ಸಕ್ಕರೆಯಲ್ಲಿ ಪರಮಾಣುಗಳು ಎಲೆಕ್ಟ್ರಾನ್ ಹಂಚ್ಕೊಳ್ತವೆ. ಅದು ಕೋವೇಲೆಂಟ್. ಉಪ್ಪಲ್ಲಿ ಕರೆಂಟ್ ಹರಿಯುತ್ತೆ, ಸಕ್ಕರೆಯಲ್ಲಿ ಹರಿಯಲ್ಲ. ಬರ್ಕೊಳ್ಳಿ!"

ಅವರ ನಾದಿನಿಯೂ ಅದೇ ಶಾಲೆಗೆ ಟೀಚರಾಗಿ ಬಂದಳು. ಮಕ್ಕಳ ಕೈಯಲ್ಲೇ ಪ್ರಯೋಗ ಮಾಡಿಸಬೇಕೆಂಬುದೊಂದೇ ಅವಳ ಹಂಬಲ. ಕೀಲಿಕೈ ಕೇಳಿದಾಗಲೆಲ್ಲ ಭಾವ ಹಲ್ಲು ಕಿರಿಯುತ್ತಿದ್ದರು. "ನನ್ನ ನೋಟ್ಸ್ ಬರೆಸಮ್ಮಾ, ಸಾಕು. ಪ್ರಯೋಗ ಅಂದ್ರೆ ಹುಡುಗಾಟನಾ?" ಆಹಾ, ಮಹಾಪಂಡಿತರು! ಅಕ್ಕನ ಮುಖ ನೋಡಿ ಅವಳು ಬಾಯಿ ಮುಚ್ಚಿಕೊಳ್ಳುತ್ತಿದ್ದಳು.

ತಪಾಸಣೆಗೆ ಬಂದ ಅಧಿಕಾರಿ ಮಕ್ಕಳ ನೋಟ್ಸ್ ತಿರುವಿ "ಈ ಎರಡು ಬಂಧಗಳ ವ್ಯತ್ಯಾಸ ಪ್ರಯೋಗ ಮಾಡಿ ತೋರಿಸಿ" ಎಂದಾಗ ಬೀಗ ತೆಗೆಯದೆ ವಿಧಿಯಿರಲಿಲ್ಲ. ಮೇಷ್ಟ್ರು ಬಟ್ಟಲಿಗೆ ಒಣ ಉಪ್ಪು ಸುರಿದು, ಬ್ಯಾಟರಿ-ಬಲ್ಬಿನ ತಂತಿಗಳನ್ನು ಅದರಲ್ಲಿ ಚುಚ್ಚಿ, ಎದೆಯುಬ್ಬಿಸಿ ನಿಂತರು. ಬಲ್ಬು ಜಪ್ಪಯ್ಯ ಅಂದರೂ ಹತ್ತಲಿಲ್ಲ. ಬ್ಯಾಟರಿಯನ್ನು ಬೈದರು, ಬಲ್ಬನ್ನು ಬೈದರು, ಉಪ್ಪು ಮಾರಿದವನನ್ನೂ ಬಿಡಲಿಲ್ಲ. ಇನ್ನೊಂದು ಬಟ್ಟಲಿನ ಸಕ್ಕರೆಗೆ ಚುಚ್ಚಿದರು. ಅಲ್ಲೂ ಕತ್ತಲೆ. "ನೋಡಿ ಸಾರ್, ಇದು ಸರಿಯಾಗಿದೆ!" ಮಕ್ಕಳು ಕಿಸಕ್ಕನೆ ನಕ್ಕರು.

"ಹಾಗಾದ್ರೆ ಎರಡೂ ಒಂದೇನಾ?" ಎಂದರು ಅಧಿಕಾರಿ.

ನಾದಿನಿ ಇನ್ನು ತಡೆಯಲಾರದೆ, ಕಪಾಟಿನಲ್ಲಿ ಧೂಳು ಹಿಡಿದಿದ್ದ ಬಟ್ಟಿ ಇಳಿಸಿದ ನೀರಿನ ಸೀಸೆ ತಂದು ಎರಡೂ ಬಟ್ಟಲಿಗೆ ಸುರಿದು ಕಲಕಿದಳು. ತಂತಿ ಒರೆಸಿ ಸಕ್ಕರೆ ನೀರಿಗೆ ಅದ್ದಿದಳು. ಏನೂ ಇಲ್ಲ. ಉಪ್ಪುನೀರಿಗೆ ಅದ್ದಿದಳು. ಬಲ್ಬು ಹತ್ತಿತು!

"ಎಲೆಕ್ಟ್ರಾನ್ ಕೊಟ್ಟು ತಗೊಂಡಿದ್ದಕ್ಕೆ ಉಪ್ಪಿನ ಕಣಗಳಲ್ಲಿ ಚಾರ್ಜ್ ಇರುತ್ತೆ ಮಕ್ಕಳೇ. ಒಣಗಿದ್ದಾಗ ಒಂದನ್ನೊಂದು ಗಟ್ಟಿಯಾಗಿ ಹಿಡ್ಕೊಂಡಿರ್ತವೆ, ಕದಲಲ್ಲ. ನೀರಲ್ಲಿ ಬಿಡಿಯಾಗಿ ಓಡಾಡಿ ಕರೆಂಟ್ ಸಾಗಿಸ್ತವೆ. ಸಕ್ಕರೆ ಕರಗಿದ್ರೂ ಅದರ ಅಣು ಒಡೆಯಲ್ಲ, ಅದಕ್ಕೆ ಚಾರ್ಜೂ ಇಲ್ಲ."

"ಅದನ್ನೇ ನಾನು ಹೇಳಕ್ಕೆ ಹೊರಟಿದ್ದು!" ಎಂದರು ಭಾವ. ನಾಚಿಕೆ ಅನ್ನುವುದು ಆಸುಪಾಸಿನಲ್ಲಿ ಸುಳಿದಿದ್ದರೆ ತಾನೆ? "ಬಟ್ಟಲು ತೊಳೆದಿಡಮ್ಮಾ." ತೊಳೆಯುವುದು ಅವರ ಘನತೆಗೆ ಕಮ್ಮಿ.

"ಆಗ್ಲಿ ಭಾವ. ತೊಳೆದು ನಾನೇ ಬೀಗ ಹಾಕ್ತೀನಿ, ಕೀಲಿಕೈ ಕೊಡಿ."

ಅಧಿಕಾರಿ ನೋಡುತ್ತಲೇ ಇದ್ದರು. ಮೇಷ್ಟ್ರು ಹುಳ್ಳಗೆ ನಕ್ಕು ಸೊಂಟದಿಂದ ಬಿಚ್ಚಿಕೊಟ್ಟರು.

ಇದಾಗಿ ವರ್ಷವಾಯಿತು. ಭಾವ ದಿನಾ ಬಂದು ಕೀಲಿಕೈ ಕೇಳಿ ಪ್ರಯೋಗಾಲಯದ ಬಾಗಿಲು ಬಡಿಯುತ್ತಾರೆ. ಸುತ್ತ ಮಕ್ಕಳನ್ನು ನಿಲ್ಲಿಸಿಕೊಂಡು ಅವಳು ಒಳಗಿನಿಂದಲೇ ಕೂಗುತ್ತಾಳೆ: "ಇನ್ನೂ ತೊಳೀತಾ ಇದೀವಿ ಭಾವಾ!"