ಗಾಳಿ ಇಳಿಯುತ್ತಿದ್ದ ಎಡ ಚಕ್ರ

ನಮ್ಮ ಮಿನಿ ಟ್ರ್ಯಾಕ್ಟರಿನ ಮುಂದಿನ ಎಡ ಚಕ್ರಕ್ಕೆ ಆಗ ಒಂದು ಕೆಟ್ಟ ಚಾಳಿ ಅಂಟಿಕೊಂಡಿತ್ತು. ಸಂಜೆ ಗಟ್ಟಿಯಾಗಿ ಗಾಳಿ ತುಂಬಿಸಿ ನಿಲ್ಲಿಸಿದರೆ ಬೆಳಿಗ್ಗೆ ಹೊತ್ತಿಗೆ ಅರ್ಧ ಕುಸಿದು ಕೂತಿರುತ್ತಿತ್ತು. ಪೂರ್ತಿ ಪಂಚರ್ ಆಗಿದ್ದರೆ ಎಂಥ ಸೋಮಾರಿಯೂ ಬಿಚ್ಚಿ ಹಾಕಿಸುತ್ತಿದ್ದ. ಇದು ಸಾಯುವುದೂ ಇಲ್ಲ, ಬದುಕುವುದೂ ಇಲ್ಲ. ನಮ್ಮ ಮಾವ ದಿನಾ ಎದ್ದವರೇ ಮುಖ ತೊಳೆಯುವ ಮೊದಲು ಕೈಪಂಪು ಹಿಡಿದು ಅದರ ಮುಂದೆ ನಿಲ್ಲುತ್ತಿದ್ದರು. ಉಸ್ಸ್ ಉಸ್ಸ್ ಎಂದು ಒತ್ತಿ ಒತ್ತಿ, ಹೆಬ್ಬೆರಳಿನಿಂದ ಟೈರು ಅಮುಕಿ ನೋಡಿ, ಆಮೇಲೆ ಕಾಫಿ ಕೇಳುತ್ತಿದ್ದರು.

ನಾನು ಬಾಯಿ ಮುಚ್ಚಿಕೊಂಡಿರುವವಳಲ್ಲ. ಬೆಸಗರಹಳ್ಳಿಯಲ್ಲಿ ಪಂಚರ್ ಅಂಗಡಿಯ ಮುಂದೆಯೇ ಹಾದು ಹೋಗುತ್ತೀರಲ್ಲ ಮಾವ, ಒಂದು ಗಳಿಗೆ ನಿಲ್ಲಿಸಿದರೆ ಗಂಟೇನು ಹೋಗುತ್ತೆ ಎಂದು ದಿನಾ ಕೇಳುತ್ತಿದ್ದೆ. ಅವರು ಜಪ್ಪಯ್ಯ ಎಂದರೂ ಒಪ್ಪುತ್ತಿರಲಿಲ್ಲ. ಯಾವುದೋ ಜಾಲಿ ಮುಳ್ಳು ಸಣ್ಣಗೆ ಚುಚ್ಚಿದೆ, ಬಿಡುವಾದಾಗ ನಾನೇ ಹುಡುಕಿ ತೆಗೆಯುತ್ತೇನೆ ಎನ್ನುತ್ತಿದ್ದರು. ಮನೆಯ ನಲ್ಲಿ, ಮಿಕ್ಸಿ, ಬೋರಿನ ಸ್ಟಾರ್ಟರು ಎಲ್ಲವನ್ನೂ ಅವರೇ ಬಿಚ್ಚಬೇಕು, ಅವರೇ ಕೂಡಿಸಬೇಕು. ಕೆಲವು ಸರಿಹೋಗುತ್ತಿದ್ದವು, ಕೆಲವು ಅಟ್ಟ ಸೇರುತ್ತಿದ್ದವು.

ಆ ಚಕ್ರವನ್ನು ನಂಬಿಕೊಂಡು ನನ್ನ ರೇಷ್ಮೆ ಹುಳಗಳು ಹಸಿದು ಕೂರಬೇಕಾಗಿ ಬಂದದ್ದು ಅತ್ತೆ ತೀರಿಕೊಂಡ ಮೇಲಿನ ಮೊದಲ ಬೆಳೆಯಲ್ಲಿ.

ಹುಳ ಸಾಕುವುದರಲ್ಲಿ ನಮ್ಮ ಅತ್ತೆಯದು ಎತ್ತಿದ ಕೈ. ಅವರಿದ್ದಷ್ಟು ಕಾಲ ನಾನು ಬರೀ ಹಿಪ್ಪುನೇರಳೆ ಸೊಪ್ಪು ಹಾಕುವವಳು, ಕಸ ತೆಗೆಯುವವಳು. ಅವರು ಹೋದ ಮೇಲೆ ಊರಿನ ಹೆಂಗಸರು ಇನ್ನು ಆ ಮನೆಯಲ್ಲಿ ಹುಳ ಏಳುವುದಿಲ್ಲ ಬಿಡಿ ಎಂದು ಆಡಿಕೊಂಡದ್ದು ನನ್ನ ಕಿವಿಗೂ ಬಿತ್ತು. ನನ್ನ ಗಂಡ ಮಂಡ್ಯದಲ್ಲಿ ಕೆಲಸಕ್ಕೆ ಹೋಗುವವರು, ಈ ವರ್ಷ ಬೇಡ ಬಿಡು ಎಂದರು. ನಾನು ಹಟಕ್ಕೆ ಬಿದ್ದು ಚಾಕಿ ಮರಿ, ಅಂದರೆ ಎಳೆಯ ಹುಳ, ತರಿಸಿದೆ. ಮಾವ ತಾವೇ ನಿಂತು ಹುಳದ ಮನೆಗೆ ಸುಣ್ಣ ಬಳಿದುಕೊಟ್ಟರು. ಅವತ್ತಿನಿಂದ ಹೊಗೆಸೊಪ್ಪು ಹಾಕುವುದನ್ನೂ ಬಿಟ್ಟರು. ಹೊಗೆಸೊಪ್ಪು ಮುಟ್ಟಿದ ಕೈ ತಗುಲಿದರೂ ಹುಳ ಸಾಯುತ್ತದೆ. ಬಾಯಿ ಚಪ್ಪರಿಸಿಕೊಂಡು, ಊರವರ ಮೇಲೆಲ್ಲ ರೇಗಿಕೊಂಡು, ಪಾಪ, ಅಷ್ಟೂ ದಿನ ತಡೆದುಕೊಂಡಿದ್ದರು.

ಹುಳ ಪೊರೆ ಬಿಡಲು ಉಣ್ಣದೆ ಮಲಗುವುದನ್ನು ನಮ್ಮ ಕಡೆ ಜ್ವರ ಎನ್ನುತ್ತೇವೆ. ನಾಲ್ಕು ಜ್ವರ ದಾಟಿ ಎದ್ದ ಹುಳಕ್ಕೆ ಬರುವ ಹಸಿವು ಹೇಳತೀರದು. ಇಡೀ ಆಯುಸ್ಸಿನ ಊಟವನ್ನು ಅದೊಂದು ವಾರದಲ್ಲೇ ಉಣ್ಣುತ್ತವೆ, ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತವೆ. ನನ್ನವು ನಾಲ್ಕೂ ಜ್ವರ ದಾಟಿದ್ದವು. ಬೆರಳು ಗಾತ್ರ, ಹಾಲಿನ ಬಣ್ಣ, ಒಂದಕ್ಕೂ ರೋಗವಿಲ್ಲ. ನೋಡಿದರೆ ನನಗೇ ದೃಷ್ಟಿ ತಾಗೀತೆಂದು ಹೆದರಿಕೆ. ಆದರೆ ನಮ್ಮ ತೋಟದ ಸೊಪ್ಪು ಅಷ್ಟರಲ್ಲೇ ಮುಗಿದಿತ್ತು. ಮದ್ದೂರು ದಾಟಿ ಮಳವಳ್ಳಿ ರಸ್ತೆಯಲ್ಲಿ ಒಬ್ಬರ ತೋಟವನ್ನು ಮಾತಾಡಿ, ಮಾವ ನಸುಕಿನಲ್ಲೇ ಟ್ರ್ಯಾಕ್ಟರಿಗೆ ಟ್ರೈಲರು ಕಟ್ಟಿಕೊಂಡು ಹೊರಟರು. ಹೊರಡುವ ಮುಂಚೆ ಎಡ ಚಕ್ರಕ್ಕೆ ಗಾಳಿ ಹೊಡೆದದ್ದನ್ನು ನಾನೇ ನೋಡಿದೆ.

ಬೆಳಗಿನ ಊಟಕ್ಕೆ ಇದ್ದಬದ್ದ ಸೊಪ್ಪನ್ನೆಲ್ಲ ಹಾಕಿಬಿಟ್ಟೆ. ಬಿಸಿಲು ಏರಿತು, ಮಾವನ ಸುದ್ದಿಯಿಲ್ಲ. ಫೋನು ಮಾಡಿದರೆ, ಸೊಪ್ಪು ಕೊಯ್ದು ತುಂಬಿಸಿಕೊಂಡು ಬರುತ್ತಾ ದಾರಿಯಲ್ಲಿ ಚಕ್ರ ಇಳಿದಿದೆ, ಸ್ಟೇರಿಂಗು ಎಡಕ್ಕೇ ಎಳೆಯುತ್ತಿದೆ, ಪಂಪು ಹೊಡೆದು ಒಂದಿಷ್ಟು ದೂರ ಬರುವುದು, ಮತ್ತೆ ನಿಲ್ಲಿಸಿ ಹೊಡೆಯುವುದು ಮಾಡುತ್ತಿದ್ದೇನೆ ಎಂದರು. ಅಯ್ಯೋ ದೇವರೇ ಎಂದು ತಲೆ ಮೇಲೆ ಕೈ ಹೊತ್ತು ಕೂತೆ. ಯಾರನ್ನಾದರೂ ಕರೆದು ಟ್ಯೂಬು ಬಿಚ್ಚಿಸಿ ಎಂದು ಅಂಗಲಾಚಿದೆ. ಇವತ್ತು ಅದರ ಹುಟ್ಟಡಗಿಸುತ್ತೇನೆ ಎಂದು ಫೋನಿಟ್ಟರು.

ಹುಳದ ಮನೆಯೊಳಗೆ ಹೋದರೆ ಸದ್ದೇ ಇರಲಿಲ್ಲ. ಸೊಪ್ಪು ಇರುವ ತನಕ ಅಲ್ಲಿ ಸರಸರ ಎಂದು ಅಗಿಯುವ ಸದ್ದು ನಿಲ್ಲುವುದಿಲ್ಲ. ಈಗ ಬೋಳು ಕಡ್ಡಿಗಳ ಮೇಲೆ ಅಷ್ಟೂ ಹುಳ ತಲೆ ಎತ್ತಿಕೊಂಡು ಆ ಕಡೆ ಈ ಕಡೆ ಆಡಿಸುತ್ತಿದ್ದವು. ಹೆತ್ತ ಮಕ್ಕಳು ಹಸಿದಾಗಲೂ ನನಗೆ ಅಷ್ಟು ಸಂಕಟ ಆಗಿರಲಿಲ್ಲ. ಮಕ್ಕಳು ಅಳುತ್ತವೆ, ಏನೋ ಸಮಾಧಾನ ಹೇಳಬಹುದು. ಇವುಗಳಿಗೆ ಏನು ಹೇಳಲಿ? ಬಾಗಿಲು ಎಳೆದುಕೊಂಡು ಹೊರಗೆ ಬಂದೆ. ಮತ್ತೆ ಒಳಗೆ ಹೋದೆ.

ಹೊತ್ತು ನೆತ್ತಿಗೆ ಬಂದಾಗ ಫೋನು ಬಂತು. ಮಾವನ ದನಿ ಕುಣಿಯುತ್ತಿತ್ತು.

"ಸಿಕ್ತು ಕಣವ್ವ. ಮುಳ್ಳೂ ಇಲ್ಲ, ತೂತೂ ಇಲ್ಲ. ಗಾಳಿ ಹಾಕೋ ಬಾಯಲ್ಲೇ ಇತ್ತು ಕಳ್ಳ. ಒಳಗಿನ ಪಿನ್ನು ಅರ್ಧ ಸುತ್ತು ತಿರುವ್ದೆ, ನಿಂತೋಯ್ತು."

ನನಗೂ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಅಷ್ಟು ದಿನ ಬೈದದ್ದಕ್ಕೆ ಒಂದು ಲೋಟ ಪಾಯಸ ಮಾಡಿಕೊಡಬೇಕು ಎಂದುಕೊಂಡೆ.

ಸ್ವಲ್ಪ ಹೊತ್ತಿಗೇ ಟ್ರ್ಯಾಕ್ಟರು ಬಂದು ನಿಂತಿತು. ಚಕ್ರ ಕಲ್ಲಿನ ಹಾಗೆ ಗಟ್ಟಿ ಇತ್ತು. ಸೊಪ್ಪಿನ ಮೇಲೆ ಒದ್ದೆ ಗೋಣಿ ಹೊದಿಸಿದ್ದರು, ಅಂಥ ಬಿಸಿಲಲ್ಲೂ ಒಂದೆಲೆ ಬಾಡಿರಲಿಲ್ಲ. ಗೋಣಿ ಎತ್ತಿದೆ. ಮೂಗಿಗೆ ಏನೋ ಬಡಿಯಿತು. ತೀರಾ ಸಣ್ಣ ವಾಸನೆ, ಬದನೆ ತೋಟದ ಬದಿಯಲ್ಲಿ ನಡೆಯುವಾಗ ಬರುವಂಥದ್ದು. ಗೋಣಿಗೆ ನೀರು ಎಲ್ಲಿಂದ ತಂದಿರಿ ಮಾವ ಎಂದು ಕೇಳಿದೆ.

ಅವರು ಹೆಮ್ಮೆಯಿಂದಲೇ ಹೇಳಿದರು. ಮುಳ್ಳು ಎಲ್ಲಿದೆಯೋ ಗೊತ್ತಿಲ್ಲವಾದ್ದರಿಂದ ಚಕ್ರವನ್ನೆಲ್ಲ ಸೋಪಿನ ನೀರಿನಿಂದ ತೋಯಿಸಬೇಕಿತ್ತು, ಗುಳ್ಳೆ ಎದ್ದ ಕಡೆ ತೂತು. ರಸ್ತೆ ಪಕ್ಕದ ಹೊಲದವನ ಹತ್ತಿರ ಬೆನ್ನಿಗೆ ಕಟ್ಟಿಕೊಂಡು ಹೊಡೆಯುವ ಕ್ಯಾನು ಇತ್ತು. ಅದಕ್ಕೆ ನೀರೂ ಶಾಂಪೂ ಪ್ಯಾಕೆಟ್ಟೂ ಸುರಿದು ಚಕ್ರದ ಸುತ್ತ ಹೊಡೆದರು, ಗುಳ್ಳೆ ಸಿಕ್ಕಿತು. ಆಮೇಲೆ ಸೊಪ್ಪು ಬಾಡುತ್ತದಲ್ಲ ಎಂದು ಅದೇ ಕ್ಯಾನು ತೊಳೆದು, ನಾಲೆಯ ನೀರು ತುಂಬಿ, ಗೋಣಿಯ ಮೇಲೆಲ್ಲ ತಂಪಾಗಿ ಹೊಡೆದರು.

ಹೇಳುತ್ತಾ ಹೇಳುತ್ತಾ ನನ್ನ ಮುಖ ನೋಡಿದರು. ಬದನೆಗೆ ಹುಳ ಸಾಯಿಸುವ ಔಷಧಿ ಹೊಡೆಯುವ ಕ್ಯಾನು ಅದು. ಹೊಗೆಸೊಪ್ಪಿನ ಕೈ ತಡೆಯದ ಹುಳ ಅದನ್ನು ತಡೆದೀತೇ?

"ಎಲ್ಡು ಸಲ ತೊಳ್ದಿವ್ನಿ ಕಣವ್ವ," ಎಂದರು.

ಒಂದು ತಟ್ಟೆಗೆ ಒಂದು ಹಿಡಿ ಹುಳ ಹಾಕಿ, ಆ ಸೊಪ್ಪಿನ ನಾಲ್ಕು ಎಲೆ ಕೊಟ್ಟು, ಹುಳದ ಮನೆಯ ಬಾಗಿಲಲ್ಲಿಟ್ಟೆ. ಸೊಪ್ಪಿನ ಮೇಲೆ ಅನುಮಾನ ಬಂದರೆ ಎಲ್ಲರೂ ಮಾಡುವುದು ಅದನ್ನೇ. ಇಬ್ಬರೂ ಎದುರು ಬದುರು ಕುಕ್ಕರಗಾಲಲ್ಲಿ ಕೂತೆವು. ಹುಳ ಗಬಗಬ ತಿಂದವು. ತಿಂದು ಮತ್ತೆ ತಲೆ ಎತ್ತಿದವು. ಏನೂ ಆಗಲಿಲ್ಲ. ಮಾವ ನನ್ನನ್ನು ನೋಡುವುದು, ತಟ್ಟೆಯನ್ನು ನೋಡುವುದು ಮಾಡುತ್ತಿದ್ದರು. ಕೆಲವು ವಿಷ ತಡವಾಗಿ ಏರುತ್ತವೆ, ಇನ್ನೂ ಕಾಯಬೇಕು, ನಾನು ಹೋಗಿ ಯಾರ ಕಾಲಾದರೂ ಹಿಡಿದು ಸೊಪ್ಪು ತರುತ್ತೇನೆ, ಬರುವ ತನಕ ಟ್ರೈಲರಿನ ಸೊಪ್ಪು ಮುಟ್ಟಬೇಡಿ ಎಂದು ಹೇಳಿ ಹೊರಟೆ.

ನಮ್ಮೂರಲ್ಲಿ ಎಲ್ಲರೂ ಒಟ್ಟಿಗೇ ಹುಳ ತರುವುದು. ಎಲ್ಲರ ಮನೆಯಲ್ಲೂ ಅದೇ ಹಸಿವು. ಇಲ್ಲ ಎನ್ನಲಾರದೆ ಕೆಲವರು ಬಾಗಿಲಿಗೇ ಬರಲಿಲ್ಲ. ಹಿಂದಿನ ಬೀದಿಯ ಅಕ್ಕ ಒಬ್ಬಳು ಪೂರ್ತಿ ಕೇಳಿಸಿಕೊಂಡು, ತನ್ನ ಹುಳಕ್ಕೆ ಇಟ್ಟಿದ್ದ ಕಂತೆಯನ್ನೇ ಎತ್ತಿ ನನ್ನ ತಲೆಗೆ ಇಟ್ಟಳು. "ನನ್ನವೂ ಬಾಯಿ ಬುಟ್ಕಂಡು ಕುಂತವೆ ಕಣೆ, ಇದೊಂದ್ ಒತ್ತು ಓಗ್ಲಿ, ನಡಿ," ಎಂದಳು. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲೂ ಕೈ ಬಿಡುವಿರಲಿಲ್ಲ. ಅರ್ಧ ಹುಳಕ್ಕಾದರೂ ಆಯಿತು, ನಾಳೆ ಬೆಳಿಗ್ಗೆ ಬೇರೆ ಸೊಪ್ಪು ತಂದರಾಯಿತು, ಒಂದು ರಾತ್ರಿ ತಡೆದುಕೊಳ್ಳುತ್ತವೆ ಎಂದು ಲೆಕ್ಕ ಹಾಕುತ್ತಾ ಓಡೋಡಿ ಬಂದೆ.

ಅಂಗಳಕ್ಕೆ ಕಾಲಿಟ್ಟಾಗಲೇ ಸರಸರ ಸದ್ದು ಕೇಳಿಸಿತು.

ಟ್ರೈಲರು ಖಾಲಿ ಇತ್ತು. ಹುಳದ ಮನೆಯಲ್ಲಿ ಮೇಲಿನ ಅಟ್ಟಣೆಯಿಂದ ಕೆಳಗಿನ ತನಕ ಹಸಿರು ಹಾಸಿತ್ತು, ಅದರ ಮೇಲೆ ಅಷ್ಟೂ ಹುಳ ಮುಗಿಬಿದ್ದು ತಿನ್ನುತ್ತಿದ್ದವು. ಮಾವ ಮೂಲೆಯಲ್ಲಿ ನಿಂತಿದ್ದರು.

"ಅಸ್ಕಂಡಿದ್ವು ಕಣವ್ವ. ಎಲ್ಲಾ ತಲೆ ಎತ್ಕಂಡು ನನ್ನೇ ನೋಡ್ತಿದ್ವು. ತಟ್ಟೇವು ಚೆಂದಾಗವಲ್ಲ ಅಂತ ಆಕ್ಬುಟ್ಟೆ."

ಬಾಗಿಲಲ್ಲಿದ್ದ ತಟ್ಟೆಯನ್ನು ನೋಡಿದೆ. ಒಂದು ಹುಳ ತಲೆಯನ್ನು ಗಿರಗಿರ ಆಡಿಸುತ್ತಿತ್ತು. ಇನ್ನೊಂದರ ಬಾಯಿಂದ ಹಸಿರು ನೀರು ಇಳಿಯುತ್ತಿತ್ತು. ಮಿಕ್ಕವು ಮೈ ಮುದುಡಿಕೊಂಡಿದ್ದವು. ಮಾವನೂ ಬಗ್ಗಿ ನೋಡಿದರು.

ಕೀಳಿ ಮಾವ, ಕೀಳಿ ಎಂದು ಕಿರುಚಿಕೊಂಡು ತಲೆಯ ಮೇಲಿನ ಕಂತೆ ಬಿಸಾಡಿದೆ. ಇಬ್ಬರೂ ಎರಡು ಕಡೆಯಿಂದ ಸೊಪ್ಪು ಎಳೆಯತೊಡಗಿದೆವು. ಹುಳ ಬಿಡಲೇ ಇಲ್ಲ. ಎಲೆ ಎತ್ತಿದರೆ ಎಲೆಯ ಜೊತೆಗೇ ಜೋತಾಡಿಕೊಂಡು ಬರುತ್ತಿದ್ದವು, ಜೋತಾಡುತ್ತಲೂ ತಿನ್ನುತ್ತಿದ್ದವು. ಒಂದೊಂದನ್ನೇ ಹಿಡಿದು ಬಿಡಿಸಬೇಕಿತ್ತು. ಅಷ್ಟು ಸಾವಿರ ಹುಳ, ನಾವಿಬ್ಬರು.

ಸ್ವಲ್ಪ ಹೊತ್ತಿಗೆ ಮಾವನ ಕೈ ನಿಂತಿತು. ಅವರ ಮುಷ್ಟಿಯಲ್ಲಿ ಅರ್ಧ ತಿಂದ ಒಂದು ರೆಂಬೆ ಇತ್ತು.

"ನನ್ ಕೈಲಾಗಲ್ಲ ಕಣವ್ವ," ಎಂದರು. "ಉಣ್ಣೋವಾಗ ಕಿತ್ಕಳಕಾಗಲ್ಲ. ನೀನೇ ಕೀಳು."

ಅವರ ಕೈಯಿಂದ ರೆಂಬೆ ತೆಗೆದುಕೊಂಡು ನಾನೇ ಕಿತ್ತೆ. ಕಿತ್ತ ಹುಳ ನನ್ನ ಅಂಗೈ ಮೇಲೆ ತಲೆ ಎತ್ತಿ, ಇನ್ನೂ ಸೊಪ್ಪು ಹುಡುಕುತ್ತಾ, ಬೆರಳಿಗೆ ಬಾಯಿ ಹಾಕಿತು.