ಎರಡು ದಿನ ಬರದಿದ್ದರೆ ಮನೆಗೇ ಬರುತ್ತಾರೆ

2022ರ ಬೇಸಿಗೆಯಲ್ಲಿ ನಾನು ಧಾರವಾಡದ ಒಂದು ಸಣ್ಣ ಕ್ರೈಸ್ತ ಕಾಲೇಜಿನಲ್ಲಿ ಇತಿಹಾಸ ವಿಭಾಗದ ಮುಖ್ಯಸ್ಥೆಯಾಗಿದ್ದೆ. ಮುಖ್ಯಸ್ಥೆ ಎಂದರೆ ದೊಡ್ಡದೇನಲ್ಲ, ವಿಭಾಗದಲ್ಲಿ ಇದ್ದವರೇ ಇಬ್ಬರು. ಅದರ ಮೇಲೆ ಪ್ರವೇಶ ಸಮಿತಿಯ ಸಂಚಾಲಕಿ ಎಂಬ ಇನ್ನೊಂದು ಹೊರೆಯನ್ನು ನನ್ನ ತಲೆಗೆ ಕಟ್ಟಿದ್ದರು. ಕೊರೋನಾ ಮುಗಿದ ಮೇಲೆ ಬಿ.ಎ.ಗೆ ಬರುವ ಮಕ್ಕಳು ಕಡಿಮೆಯಾಗಿದ್ದರು. ಹಿಡಿದು ತರಬೇಕಾದವಳು ನಾನು.

ಆಡಳಿತ ಮಂಡಳಿಯವರು ಬೆಂಗಳೂರಿನಿಂದ ಒಬ್ಬ ಕನ್ಸಲ್ಟಂಟನನ್ನು ಕರೆಸಿದರು. ಕಾಲೇಜಿನಲ್ಲಿ ಏನೇನು ಸಿಗುತ್ತದೆ ಎಂದು ಹೇಳುವ ಪ್ರಾಸ್ಪೆಕ್ಟಸನ್ನು ಹೊಸದಾಗಿ ಮಾಡುವುದು ಅವನ ಕೆಲಸ. ಬಂದ ಮೊದಲ ದಿನವೇ, 'ಬಿ.ಎ. ಅನ್ನಬೇಡಿ ಮೇಡಂ, ಲಿಬರಲ್ ಆರ್ಟ್ಸ್ ಅನ್ನಿ' ಎಂದು ನನಗೆ ಪಾಠ ಮಾಡಿದ. ಒಂದೇ ಕಸುಬಿಗೆ ಕಟ್ಟಿಹಾಕದೆ ಇತಿಹಾಸ, ಸಾಹಿತ್ಯ, ಅರ್ಥಶಾಸ್ತ್ರ, ತರ್ಕಶಾಸ್ತ್ರಗಳನ್ನು ಕೂಡಿಸಿ ಓದಿಸುವ ಕ್ರಮಕ್ಕೆ ಆ ಹೆಸರು. ನಮ್ಮ ಕಾಲೇಜು ಹುಟ್ಟಿದಾಗಿನಿಂದ ಮಾಡಿಕೊಂಡು ಬಂದದ್ದು ಅದನ್ನೇ. ಈಗ ಅದಕ್ಕೆ ಹೊಳೆಯುವ ಕಾಗದ ಬಂತು, ಅಷ್ಟೇ.

ಆ ಕಾಗದದಿಂದ ಅವನು ಒಂದು ಸಂಗತಿಯನ್ನು ಕಿತ್ತುಹಾಕಿದ. ನಮ್ಮಲ್ಲಿ ಪ್ರತಿಯೊಬ್ಬ ಅಧ್ಯಾಪಕರ ಪಾಲಿಗೆ ಇಪ್ಪತ್ತು ಮಕ್ಕಳಿರುತ್ತಾರೆ. ಅವರನ್ನು ಆ ಅಧ್ಯಾಪಕರ ವಾರ್ಡುಗಳು ಎನ್ನುತ್ತೇವೆ. ವಾರ್ಡು ಸುದ್ದಿ ಕೊಡದೆ ಎರಡು ದಿನ ತಪ್ಪಿಸಿದರೆ ಅಧ್ಯಾಪಕರು ಅವರ ಮನೆಗೆ ಹೋಗಿ ವಿಚಾರಿಸಬೇಕು. ಯಾವುದೋ ಕಾಲದ ಪ್ರಿನ್ಸಿಪಾಲರು ಹಾಕಿದ ಪದ್ಧತಿ, ಮುರಿಯಲು ಯಾರಿಗೂ ಧೈರ್ಯವಿಲ್ಲ. 'ಇದನ್ನು ಹಾಕಿದರೆ ಪ್ರೈಮರಿ ಶಾಲೆ ಅಂದುಕೊಳ್ಳುತ್ತಾರೆ' ಎಂದ ಕನ್ಸಲ್ಟಂಟ್. ನಾನೂ ಸುಮ್ಮನಿದ್ದೆ. ಸ್ಕೂಟರ್ ಹೊಡೆದುಕೊಂಡು ಊರೂರು ತಿರುಗಿ, ನಾಯಿಗಳಿಂದ ಬೊಗಳಿಸಿಕೊಂಡು, 'ಮೇಡಂ, ಅಂವ ಕ್ರಿಕೆಟ್ ಆಡಾಕ ಹೋಗ್ಯಾನ್ರಿ' ಎನ್ನುವ ಉತ್ತರ ಕೇಳಿ ಕೇಳಿ ನನಗೆ ಸಾಕಾಗಿ ಹೋಗಿತ್ತು. ಹುಡುಗರು ಬೆನ್ನ ಹಿಂದೆ ನನ್ನನ್ನು ವಾರಂಟ್ ಮೇಡಂ ಎನ್ನುತ್ತಿದ್ದರು. ಇದನ್ನು ಯಾವ ಮುಖದಿಂದ ಕಾಲೇಜಿನ ಹೆಗ್ಗಳಿಕೆ ಎಂದು ಅಚ್ಚು ಹಾಕಿಸುವುದು?

ಜೂನ್‌ನಲ್ಲಿ ಓಪನ್ ಹೌಸ್ ಇಟ್ಟರು. ಪಾಲಕರು ಮಕ್ಕಳೊಂದಿಗೆ ಬಂದು ಕಾಲೇಜನ್ನು ಕಣ್ಣಾರೆ ನೋಡುವ ದಿನ ಅದು. ಬೆಳಗಿನಿಂದ ಎರಡೇ ಪ್ರಶ್ನೆ. ನೌಕರಿ ಕೊಡಿಸ್ತೀರೇನು? ಪ್ರಾರ್ಥನೆಗೆ ಕೂಡಿಸಿ ನಮ್ಮ ಹುಡುಗಿಯ ಜಾತಿ ಕೆಡಿಸ್ತೀರೇನು? ಬುಧವಾರ ಪ್ರಾರ್ಥನೆ ಇದೆ, ಬೇಕಾದವರು ಕೂಡುತ್ತಾರೆ, ಬೇಡವಾದವರು ಲೈಬ್ರರಿಯಲ್ಲಿರುತ್ತಾರೆ ಎಂದು ಹೇಳಿ ಹೇಳಿ ಗಂಟಲು ಒಣಗಿತು. ಕೊನೆಕೊನೆಗೆ ನನ್ನ ಹಣೆಯ ಕುಂಕುಮ ತೋರಿಸಿ, 'ಇಪ್ಪತ್ತೆಂಟು ವರ್ಷ ಇಲ್ಲೇ ಇದ್ದೇನಿ, ಇದು ಇನ್ನೂ ಅಳಿಸಿಲ್ಲ ನೋಡ್ರಿ' ಎನ್ನತೊಡಗಿದೆ.

ಮಧ್ಯಾಹ್ನದ ಹೊತ್ತಿಗೆ ಶಂಕ್ರಪ್ಪ ಬಂದರು. ಅಮರಗೋಳದ ಮಾರುಕಟ್ಟೆಯಲ್ಲಿ ಕಡಲೆ, ಹೆಸರು ಕಾಳಿನ ದಲಾಲಿ ವ್ಯಾಪಾರ. ಜೊತೆಗೆ ಮಗಳು ಪಲ್ಲವಿ. ಇತಿಹಾಸ ಓದಬೇಕೆಂದು ತಾನಾಗಿ ಹೇಳಿದ ಹುಡುಗಿ ಆ ದಿನಕ್ಕೆಲ್ಲ ಅವಳೊಬ್ಬಳೇ. ನನಗೆ ಹಿಗ್ಗಾಯಿತು. ಅಪ್ಪ ಪ್ರಿನ್ಸಿಪಾಲರಿಗೆ ನಮಸ್ಕಾರ ಮಾಡುತ್ತಿದ್ದಾಗ ಅವಳು ನನ್ನ ಹತ್ತಿರ ಸರಿದು ಪಿಸುಗುಟ್ಟಿದಳು:

'ಮೇಡಂ, ಅಪ್ಪಾ ಇವತ್ತ ಒಪ್ಪಲಿಲ್ಲಂದ್ರ ನನ್ನ ಕಾಲೇಜು ಮುಗೀತ್ರಿ. ಅಂಗಡ್ಯಾಗ ಬಿಲ್ ಮಾಡಾಕ ಕುಂಡ್ರಸ್ತಾರ. ಅಣ್ಣನ ಸಲುವಾಗಿ ಅವರಿಗೆ ಕಾಲೇಜಿನ ಮ್ಯಾಲೇ ಸಿಟ್ಟು.'

ಅವಳ ಅಣ್ಣ ಮಂಜುನಾಥನನ್ನು ದೊಡ್ಡದೊಂದು ಕಾಲೇಜಿಗೆ ಸೇರಿಸಿದ್ದರಂತೆ. ಅವನು ದಿನಾ ಚೀಲ ಹಾಕಿಕೊಂಡು ಮನೆ ಬಿಡುತ್ತಿದ್ದ, ಸಂಜೆಗೆ ಬರುತ್ತಿದ್ದ. ತರಗತಿಗೆ ಮಾತ್ರ ಹೋಗುತ್ತಿರಲಿಲ್ಲ. ಇದು ತಂದೆಗೆ ಗೊತ್ತಾದದ್ದು ವರ್ಷ ಕಳೆದ ಮೇಲೆ, ಪರೀಕ್ಷೆಗೆ ಕೂರಲು ಹಾಜರಿ ಇಲ್ಲ ಎಂದಾಗ. ಅಲ್ಲಿಗೆ ಅವನ ಓದು ನಿಂತಿತು. ಈಗ ಆ ಸಿಟ್ಟಿನ ಫಲ ಇವಳ ಪಾಲಿಗೆ ಬರುವುದರಲ್ಲಿತ್ತು.

ಪ್ರಿನ್ಸಿಪಾಲರು ಪರದೆಯ ಮೇಲೆ ಚಿತ್ರ ತೋರಿಸಿದರು. ಕನ್ಸಲ್ಟಂಟ್ ಸಮಗ್ರ ವ್ಯಕ್ತಿತ್ವ ವಿಕಾಸದ ಬಗ್ಗೆ ಮಾತಾಡಿದ. ರ‍್ಯಾಂಕ್ ಬಂದ ಇಬ್ಬರು ಹುಡುಗಿಯರು ಇಸ್ತ್ರಿ ಮಾಡಿದ ಸೀರೆ ಉಟ್ಟು ಕಂಠಪಾಠ ಒಪ್ಪಿಸಿದರು. ಶಂಕ್ರಪ್ಪ ಎಲ್ಲವನ್ನೂ ಕೇಳಿ ಎದ್ದುನಿಂತು, 'ಸರ್, ಚೀಲದ ಬಾಯಾಗಿನ ಕಾಳು ನೋಡಿ ನಾವು ಮಾಲು ಹಿಡ್ಯಂಗಿಲ್ರಿ. ತಳದಾಗ ಕೈ ಹಾಕಿ ನೋಡ್ತೇವಿ. ನಿಮ್ಮ ಹಿಂದಿನ ಬೆಂಚಿನ ಹುಡುಗನ್ನ ತೋರಿಸ್ರಿ' ಎಂದರು.

ಪ್ರಿನ್ಸಿಪಾಲರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಹಿಂದಿನ ಬೆಂಚು ಎಂದರೆ ಹೆಬ್ಬಳ್ಳಿಯ ಬಸು, ನನ್ನದೇ ವಾರ್ಡು. ಆ ದಿನ ಕುರ್ಚಿ ಹೊರಲು ಅವನನ್ನು ನಾನೇ ಕರೆಸಿದ್ದೆ. ಬಾಗಿಲೆದುರಿನ ಬೇವಿನ ಗಿಡದ ಕೆಳಗೆ, ಹೊರಬೇಕಾದ ಕುರ್ಚಿಗಳ ಮೇಲೆಯೇ ಕಾಲು ಚಾಚಿ ಕುಳಿತಿದ್ದ. ಕೈಸನ್ನೆ ಮಾಡಿ ಅವನನ್ನು ಓಡಿಸಲು ನೋಡಿದೆ, ಮಹಾರಾಯ ಎದ್ದು ನಮ್ಮ ಕಡೆಗೇ ಬಂದ.

'ಏನಪಾ ತಮ್ಮಾ, ಇಲ್ಲೇನು ಸಿಗತೈತಿ?' ಎಂದು ಶಂಕ್ರಪ್ಪ ಕೇಳಿದರು.

'ಏನೂ ಸಿಗಂಗಿಲ್ರೀ ಕಾಕಾ. ಗ್ರೌಂಡ್ ಸಣ್ಣದೈತಿ. ಕ್ಯಾಂಟೀನ್‌ನಾಗ ಮಿರ್ಚಿ ಮುಗದಿರ್ತಾವು. ಲೈಬ್ರರ‍್ಯಾಗ ಫ್ಯಾನ್ ತಿರಗಂಗಿಲ್ಲ.' ನನ್ನ ಕಡೆ ಓರೆಗಣ್ಣಿನಿಂದ ನೋಡಿದ. 'ಎಲ್ಲಾಕ್ಕಿಂತ ದೊಡ್ಡ ತ್ರಾಸ ಅಂದ್ರ, ಎರಡ ದಿನಾ ಬರ್ಲಿಲ್ಲಂದ್ರ ಮನಿಗೇ ಬರ್ತಾರ್ರಿ. ಈ ಮೇಡಂ ಮೂರು ಸಲ ನಮ್ಮ ಹೆಬ್ಬಳ್ಳಿಗೆ ಬಂದ್ರು. ನಮ್ಮವ್ವನ ಮುಂದ ಕುಂತು ಶೇಂಗಾ ತಿಂದು, ನನ್ನ ಮಾನಾ ಕಳದು ಹೋದ್ರು. ಪಿಚ್ಚರಿಗೆ ಹೋಗಾಕ ಬರಂಗಿಲ್ಲ, ಏನಿಲ್ಲ. ಬ್ಯಾರೆ ಕಾಲೇಜು ನೋಡ್ರಿ, ಆರಾಮ ಇರ್ತೈತಿ.'

ಹುಡುಗಿಯ ಮುಖ ಬಿಳಿಚಿಕೊಂಡಿತು. ಎಲ್ಲ ಮುಗಿಯಿತು ಎಂದುಕೊಂಡೆ. ಶೇಂಗಾ ತಿಂದದ್ದನ್ನೂ ಬಿಡಲಿಲ್ಲವಲ್ಲ ಈ ಪ್ರಾಣಿ ಎಂದು ಒಳಗೊಳಗೇ ಹಲ್ಲು ಕಡಿದೆ.

ಶಂಕ್ರಪ್ಪ ನನ್ನ ಕಡೆ ತಿರುಗಿದರು. 'ಖರೇನೇನ್ರಿ ಮೇಡಂ? ಮನಿಗೆ ಬರ್ತೀರಿ?'

'ಬರಬೇಕಲ್ರಿ ಮತ್ತ. ಬರ್ಲಿಲ್ಲಂದ್ರ ಇಂಥವರು ಪರೀಕ್ಷಾ ಪಾಸಾಗ್ತಾರೇನ್ರಿ?' ಎಂದೆ, ಸಿಟ್ಟಿನಿಂದಲೇ.

ಅವರು ಮಗಳ ತಲೆಯ ಮೇಲೆ ಕೈ ಇಟ್ಟು, 'ಈಕಿ ಹೆಸರು ಹಚ್ಚಿಕೊಳ್ರಿ' ಎಂದರು.

ಕನ್ಸಲ್ಟಂಟ್ ತನ್ನ ಪರದೆಯ ಚಿತ್ರಗಳಿಂದಲೇ ಕೆಲಸವಾಯಿತೆಂದು ಪ್ರಿನ್ಸಿಪಾಲರ ಕೈ ಕುಲುಕಿದ. ನಿಜ ಸಂಗತಿ ತಿಳಿದ ಮೇಲೆ, ಮನೆಗೆ ಹೋಗುವ ಆ ಪದ್ಧತಿಯನ್ನೇ 'ಹೋಂ ಕನೆಕ್ಟ್ ಪ್ರೋಗ್ರಾಂ' ಎಂಬ ಹೆಸರಿನಲ್ಲಿ ಪ್ರಾಸ್ಪೆಕ್ಟಸ್ಸಿನ ಮೊದಲ ಪುಟಕ್ಕೇ ಹಾಕುತ್ತೇನೆಂದು ಕುಳಿತ. ನಾನು ಎದ್ದು ಹೊರಗೆ ಹೋದೆ. ಇನ್ನರ್ಧ ಗಂಟೆ ಅಲ್ಲೇ ಇದ್ದರೆ ನನ್ನ ನೌಕರಿಗೇ ಸಂಚಕಾರ ಬರುತ್ತಿತ್ತು.

ಪಲ್ಲವಿ ನನ್ನ ವಾರ್ಡಾದಳು. ಚೆನ್ನಾಗಿ ಓದುತ್ತಿದ್ದಳು, ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಮರುವರ್ಷ ಫೆಬ್ರುವರಿಯಲ್ಲಿ ಮಾತ್ರ ಎರಡು ದಿನ ಬರಲಿಲ್ಲ, ಫೋನೂ ಹತ್ತಲಿಲ್ಲ. ಗೊಣಗುತ್ತಲೇ ಸ್ಕೂಟರ್ ಹತ್ತಿ, ಲಾರಿಗಳ ಧೂಳು ಕುಡಿಯುತ್ತ ಅಮರಗೋಳಕ್ಕೆ ಹೋದೆ. ಅವಳಿಗೆ ಜ್ವರ. ಕಂಬಳಿಯೊಳಗಿಂದಲೇ, 'ಜ್ವರಕ್ಕೂ ಬರ್ತೀರೇನ್ರಿ ಮೇಡಂ!' ಎಂದು ನಕ್ಕಳು. ತಂದೆ ಮಾರುಕಟ್ಟೆಯಲ್ಲಿದ್ದರು. ನನಗೆ ಬಾಗಿಲು ತೆರೆದವನು, ಚಹಾ ತಂದುಕೊಟ್ಟವನು ಮಂಜುನಾಥ. ತೆಳ್ಳಗಿನ, ಮಾತು ಕಡಿಮೆಯ ಹುಡುಗ. ಹೊರಟಾಗ ಸ್ಕೂಟರಿನವರೆಗೂ ಬಂದು ನಿಂತ.

'ಏನಪಾ?' ಎಂದೆ.

'ನಮ್ಮ ಕಾಲೇಜಿಂದ ಯಾರೂ ಬರಲಿಲ್ರಿ ಮೇಡಂ.' ಅವನು ಹ್ಯಾಂಡಲ್ಲಿನ ಮೇಲಿನ ಧೂಳು ಒರೆಸುತ್ತಿದ್ದ. 'ಇಂಗ್ಲಿಷ್ ಪಾಠ ತಿಳೀಲಿಲ್ಲ, ಅಂಜಿಕಿ ಬಂತು, ಹೋಗೂದು ಬಿಟ್ಟೆ. ಮದಲ ಒಂದ್ ತಿಂಗಳು ಯಾರರ ಮನಿಗೆ ಬಂದು ಅಪ್ಪಗ ಹೇಳ್ತಾರ, ಬೈಸಿಕೊಂಡು ಮತ್ತ ಹೋದ್ರಾತು ಅಂತ ಕಾಯ್ದೆ. ಯಾರೂ ಬರಲಿಲ್ಲ. ಆಮ್ಯಾಲೆ ಹೋಗಾಕ ನಾಚಿಕಿ ಆತ್ರಿ.'

ನನಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು. ಒಂದು ವರ್ಷವಿಡೀ ಒಂದು ಮಗು ಕಾಣೆಯಾಗಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ ಎಂದರೆ ಅದೆಂಥ ದೊಡ್ಡ ಕಾಲೇಜು? ಎಷ್ಟು ವರ್ಷ ನಾನು ಪೀಡೆ ಎಂದು ಬೈದುಕೊಂಡು ತಿರುಗಿದ ಕೆಲಸಕ್ಕಾಗಿ ಈ ಹುಡುಗ ಒಂದು ತಿಂಗಳು ದಾರಿ ಕಾಯ್ದಿದ್ದನಲ್ಲ! 'ಜೂನ್‌ನಾಗ ಬಂದು ಹೆಸರು ಹಚ್ಚು. ಅಪ್ಪಗ ನಾ ಹೇಳ್ತೇನಿ' ಎಂದು ಹೇಳಿ ಗಾಡಿ ಚಾಲೂ ಮಾಡಿದೆ.

ಶಂಕ್ರಪ್ಪನವರನ್ನು ಒಪ್ಪಿಸುವಷ್ಟರಲ್ಲಿ ನಾಲ್ಕು ಚಪ್ಪಲಿ ಸವೆದವು. ಅಂತೂ ಜೂನ್‌ನಲ್ಲಿ ಮಂಜುನಾಥ ತನ್ನ ತಂಗಿಗಿಂತ ಒಂದು ವರ್ಷ ಕೆಳಗೆ, ನನ್ನ ವಾರ್ಡಾಗಿ ಬಂದು ಕುಳಿತ. ಎಲ್ಲಿ? ಹಿಂದಿನ ಬೆಂಚಿನಲ್ಲೇ.

ಹೋದ ವರ್ಷ ನಿವೃತ್ತಳಾದೆ. ಸಣ್ಣ ಕಾಲೇಜಿನಲ್ಲಿ ಏನು ಸಿಗುತ್ತದೆ ಎಂದು ಈಗಲೂ ಯಾರಾದರೂ ಕೇಳುತ್ತಾರೆ. ನೀವು ಬರದಿದ್ದರೆ ಅಲ್ಲಿ ಒಬ್ಬರಿಗೆ ಗೊತ್ತಾಗುತ್ತದೆ ಎನ್ನುತ್ತೇನೆ. ಇಷ್ಟೂ ವರ್ಷದ ನೌಕರಿ ನನಗೆ ಕಲಿಸಿದ್ದು ಇದೊಂದೇ. ಅದನ್ನೂ ಕಲಿತದ್ದು ತಡವಾಗಿ, ಕಲಿಸಿದವರು ಇಬ್ಬರು ಹಿಂದಿನ ಬೆಂಚಿನವರು.

ಮಂಜುನಾಥ ಸೇರಿದ ಮೂರನೇ ವಾರಕ್ಕೇ ಎರಡು ದಿನ ನಾಪತ್ತೆಯಾದ. ಮಳೆ ಬೇರೆ. ಅವನ ವಂಶವನ್ನೆಲ್ಲ ನೆನೆಯುತ್ತ ಅಮರಗೋಳಕ್ಕೆ ಹೋದರೆ, ಜ್ವರವಿಲ್ಲ, ನೆಗಡಿಯಿಲ್ಲ, ಮನೆಯ ಮುಂದಿನ ಕಟ್ಟೆಯ ಮೇಲೆ ಕುಳಿತು ರಸ್ತೆಯನ್ನೇ ನೋಡುತ್ತಿದ್ದಾನೆ.

'ಯಾಕ ಬಂದಿಲ್ಲೋ?'

'ಬರ್ತೀರೋ ಇಲ್ಲೋ ನೋಡಾಕತ್ತಿದ್ನಿರಿ.'

ಓಣಿಗೆಲ್ಲ ಕೇಳುವಂತೆ ಬೈದೆ. ನನ್ನ ಬೈಗುಳ ಮುಗಿಯುವ ಮೊದಲೇ ಅವನು ಒಳಗೆ ಹೋಗಿ ಪುಸ್ತಕದ ಚೀಲ ತಂದು, ಸ್ಕೂಟರಿನ ಹಿಂದಿನ ಸೀಟಿನ ನೀರು ಒರೆಸಿ ಕುಳಿತಿದ್ದ.