ಕಪ್ಪು ಪರದೆಯ ಮೇಲೆ ನನ್ನ ಹೆಸರು

ಬಂಗಾರಪೇಟೆಯ ಕಂಪ್ಯೂಟರ್ ತರಬೇತಿಗೆ ನಾನೂ ನನ್ನ ಗೆಳತಿಯೂ ಒಂದೇ ರೈಲಿನಲ್ಲಿ ಹೋಗುತ್ತಿದ್ದೆವು. ಅವಳು ಮಾರಿಕುಪ್ಪಂನಲ್ಲಿ ಹತ್ತಿ ನನಗೆ ಸೀಟು ಹಿಡಿದಿಡುವಳು. ನಮ್ಮ ಮನೆ ಊರ್ಗಾಂ ಸ್ಟೇಷನ್ ಹತ್ತಿರ, ನಂದಿದುರ್ಗ ಗಣಿಯ ಕೂಲಿ ಲೈನಿನಲ್ಲಿ. ಅಮ್ಮ ಮೋರಿ ಬಳಿಯುವ ಕೆಲಸಕ್ಕೆ ಹೋಗುತ್ತಾಳೆಂದು ತರಬೇತಿಯಲ್ಲಿ ಗೊತ್ತಿದ್ದದ್ದು ಅವಳೊಬ್ಬಳಿಗೇ.

ಒಮ್ಮೆ ಮೇಷ್ಟ್ರು ವಿಸಿಟಿಂಗ್ ಕಾರ್ಡ್ ಮಾಡಲು ಹೇಳಿದರು, ಕಾಗದದ್ದಲ್ಲ. ಯಾರೇ ಎಲ್ಲಿಂದಲಾದರೂ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ನಮ್ಮ ಹೆಸರಿನ ಕಮಾಂಡ್ ಟೈಪ್ ಮಾಡಿದರೆ, ಹೆಸರು, ಕಲಿತ ವಿದ್ಯೆ, ಇಮೇಲ್ ಒಂದು ಚೌಕದೊಳಗೆ ಮೂಡಬೇಕು. ನನ್ನ ಚೌಕಕ್ಕೆ ಹಳದಿ ಅಂಚು ಕೊಟ್ಟಿದ್ದೆ. ಯಾವ ಹೆಸರಲ್ಲಿ ಹಾಕುತ್ತೇನೆಂದು ರೈಲಿನಲ್ಲಿ ಗೆಳತಿಗೆ ಹೇಳಿಯೂ ಇದ್ದೆ.

ಮರುದಿನ ತರಗತಿಯಲ್ಲಿ ಕಾರ್ಡನ್ನು ಇಂಟರ್ನೆಟ್ಟಿಗೆ ಏರಿಸಲು ಹೋದರೆ ಆಗಲಿಲ್ಲ. ಒಂದು ಹೆಸರು ಒಬ್ಬರಿಗೇ ಸಿಗುವುದು. ಆ ಹೆಸರನ್ನು ಯಾರೋ ಆಗಲೇ ತೆಗೆದುಕೊಂಡಿದ್ದರು.

"ಯಾರಮ್ಮ ಅದು, ನೋಡೇ ಬಿಡೋಣ" ಎಂದು ಮೇಷ್ಟ್ರು ಗೋಡೆಯ ದೊಡ್ಡ ಪರದೆಯಲ್ಲೇ ಟೈಪ್ ಮಾಡಿದರು. ಚೌಕ ಮೂಡಿತು. ಒಳಗೆ ನನ್ನ ಹೆಸರು, ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳಲ್ಲಿ: ಮೋರಿ ಬಳಿಯೋಳ ಮಗಳು.

ತರಗತಿ ಗೊಳ್ಳೆಂದಿತು. ಮೇಷ್ಟ್ರೂ ತುಟಿ ಕಚ್ಚಿ ನಕ್ಕರು. ಗೆಳತಿ ಮಾತ್ರ ತಲೆ ಎತ್ತಲಿಲ್ಲ.

"ನೀನೇ ತಾನೆ?" ಎಂದು ಅವಳನ್ನು ಮೆಟ್ಟಿಲ ಬಳಿ ತಡೆದೆ.

"ತಮಾಸೆಗೆ ಕಣೇ. ಅದ್ರಾಗೆ ಸುಳ್ಳೇನೈತೆ?"

"ತೆಗ್ದಾಕು."

"ಊಂ, ತೆಗಿತೀನಿ ಬುಡು."

ಅವಳು ತೆಗೆಯಲಿಲ್ಲ. ಹಾಕಿದವರೇ ತೆಗೆಯಬೇಕು, ನೀನು ಹೆಸರಿಗೆ ಇನಿಶಿಯಲ್ ಸೇರಿಸಿಕೋ ಎಂದರು ಮೇಷ್ಟ್ರು. ಸೇರಿಸಿಕೊಂಡು ನನ್ನ ಕಾರ್ಡ್ ಏರಿಸಿದೆ.

ತರಬೇತಿ ಮುಗಿಯುವ ಹೊತ್ತಿಗೆ, ಕೆಲಸಕ್ಕೆ ಆರಿಸಲು ಕಂಪನಿಯೊಂದರಿಂದ ಬಂದಾತ ನಮ್ಮ ಕಾರ್ಡುಗಳನ್ನು ತಾನೇ ತೆರೆದು ನೋಡಿದ. ಇನಿಶಿಯಲ್ ಇದೆ ಸಾರ್ ಎಂದು ನಾನು ಹೇಳುವಷ್ಟರಲ್ಲಿ ಬರೀ ಹೆಸರು ಟೈಪ್ ಮಾಡಿಯಾಗಿತ್ತು. ಓದಿದ. ನನ್ನ ಮುಖ ನೋಡಿದ. "ಏನಮ್ಮ ಇದು, ಕೆಲಸಕ್ಕೆ ಬಂದು ಹುಡುಗಾಟವಾ?" ನಿಜವಾದ ಕಾರ್ಡನ್ನು ತೋರಿಸುತ್ತೇನೆಂದೆ. ಅವನು ಆಗಲೇ ಮುಂದಿನ ಹೆಸರು ಕರೆದಿದ್ದ. ಅದು ಗೆಳತಿಯದು. ಅವಳನ್ನು ಆರಿಸಿಕೊಂಡ.

ಸಂಜೆ ರೈಲಿನಲ್ಲಿ ಅವಳು ಎಂದಿನಂತೆ ಪಕ್ಕದಲ್ಲಿ ನನಗೆ ಸೀಟು ಹಿಡಿದಿದ್ದಳು. ನಾನು ಬಾಗಿಲ ಬಳಿ ನಿಂತೆ. ಊರ್ಗಾಂ ಹತ್ತಿರವಾಗುವಾಗ ಎದ್ದು ಬಂದಳು.

"ಈಗ ಅಳಿಸ್ಬುಡ್ಲೇನೇ?" ಎಂದಳು. ದನಿಯಲ್ಲಿ ನಗು ಇರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದಳು.

ನಾನು ಇಳಿದೆ. ಮನೆಯಲ್ಲಿ ಅಮ್ಮ ಕೈಕಾಲು ತೊಳೆಯುತ್ತಿದ್ದಳು. "ಕೆಲ್ಸ ಏನಾಯ್ತವ್ವ?" ಎಂದಳು.

"ಇಂಗ್ಲಿಷ್ ಸಾಲ್ದಂತೆ" ಎಂದೆ.